ಓದದೇ ‘ಅದ್ಭುತ’ ಅಂದಿದ್ದೆ, ಈಗ ಓದಿ ಹೇಳ್ತಿದ್ದೀನಿ

‘ಮಲೆಗಳಲ್ಲಿ ಮದುಮಗಳು’ ಓದಿ ಮುಗಿಸಿದೆ. ನಿರಾಸೆಯಾಯ್ತು.

ಈ ಎರಡು ಮಾತು ಬರೆಯೋಕೆ ನನಗೆ ಎರಡು ತಿಂಗಳು ಹಿಡೀತು. ಮೊದಲನೇದನ್ನ ಮಾತ್ರ ಬರೆದು ಬಿಟ್ಟಿದ್ದರೆ ಗೆಳೆಯರೆಲ್ಲ ಬೆನ್ನು ತಟ್ಟುತ್ತಿದ್ದರು. ಎರಡನೇದು ಸೇರಿಸಿದ ಕೂಡಲೇ, ಮದುವೆ ಮನೆ ಪಂಕ್ತೀಲಿ ಕೂತು ಪಾಯಸಕ್ಕೆ ಸಿಹಿ ಸಾಲದು ಅಂತ ಕೂಗಿದ ಹಾಗೆ. ಬಡಿಸೋರು ಒಂದು ಕ್ಷಣ ನಿಲ್ತಾರೆ, ಪಕ್ಕದವರು ತಮ್ಮ ಎಲೆ ನೋಡ್ಕೊಳ್ತಾರೆ, ಯಾರೋ ಹಿರಿಯರು ‘ನಿನ್ನ ನಾಲಗೆ ಕೆಟ್ಟಿರಬೇಕು’ ಅಂತಾರೆ. ಕೆಟ್ಟಿರಲೂಬಹುದು. ಆದರೂ ಹೇಳಬೇಕು. ಯಾಕೆ ಹೇಳಬೇಕು ಅನ್ನೋದಕ್ಕೆ ಒಂದು ಕಥೆ ಇದೆ, ಅದರಲ್ಲಿ ತಪ್ಪು ನಂದೇ.

ನಮ್ಮ ಟೀಮಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಮನೇಲಿ ಕನ್ನಡ, ಶಾಲೇಲಿ ಇಂಗ್ಲಿಷ್. ಭಾಷೆ ಆರಿಸಿಕೊಳ್ಳೋ ಹೊತ್ತಿಗೆ ಮಾರ್ಕ್ಸ್ ಚೆನ್ನಾಗಿ ಬರುತ್ತೆ ಅಂತ ಸಂಸ್ಕೃತ ತಗೊಂಡವಳು. ಬೆಂಗಳೂರಲ್ಲಿ ಬೆಳೆದ ಅರ್ಧ ಜನರ ಕಥೆ ಇದೇ ಬಿಡಿ. ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದಳು: ‘ಕನ್ನಡದಲ್ಲಿ ಒಂದೇ ಒಂದು ಪುಸ್ತಕ ಓದಬೇಕು ಅಂದ್ರೆ ಯಾವುದು ಓದ್ಲಿ?’ ಆಫೀಸಿನಲ್ಲಿ ‘ಕನ್ನಡ ಓದೋನು’ ಅಂತ ನನಗೊಂದು ಹೆಸರಿದೆ. ಅದಕ್ಕೆ ತಕ್ಕ ಹಾಗೆ ಕಣ್ಣು ಮಿಟುಕಿಸದೆ ಹೇಳಿದೆ: ‘ಮಲೆಗಳಲ್ಲಿ ಮದುಮಗಳು. ಅದ್ಭುತ!’ ಮಾರನೇ ದಿನ ನನ್ನ ಪ್ರತಿಯನ್ನೇ ತಂದುಕೊಟ್ಟೆ.

ಮೂರು ವಾರಕ್ಕೆ ಪುಸ್ತಕ ನನ್ನ ಮೇಜಿಗೆ ವಾಪಸ್ ಬಂತು. ಬಸ್ ಟಿಕೆಟ್ಟಿನ ಗುರುತು ಅರವತ್ತರ ಆಸುಪಾಸಿನ ಪುಟದಲ್ಲಿತ್ತು. ‘ನನ್ನ ಕನ್ನಡ ಇಷ್ಟಕ್ಕೆ ಸಾಲಲ್ಲ ಅನ್ಸುತ್ತೆ, ಬಿಡಿ’ ಅಂದಳು. ಬೇಜಾರಿನಿಂದೇನೂ ಅಲ್ಲ. ಒಂದು ವಿಷಯ ತೀರ್ಮಾನ ಆದ ಹಾಗೆ, ಸಮಾಧಾನವಾಗಿಯೇ ಅಂದಳು. ಆಮೇಲೆ ಕನ್ನಡ ಪುಸ್ತಕದ ಮಾತೇ ಎತ್ತಲಿಲ್ಲ.

ನಾನು ಅವಳಿಗೆ ಹೇಳದೇ ಇದ್ದ ಸಂಗತಿ ಒಂದಿತ್ತು. ಆ ಪುಸ್ತಕದಲ್ಲಿ ನಾನೂ ನೂರೈವತ್ತು ಪುಟ ದಾಟಿರಲಿಲ್ಲ.

ಮೊದಲ ಸಲ ಹಿಡಿದದ್ದು ಕಾಲೇಜಿನಲ್ಲಿ. ನಲವತ್ತು ಪುಟಕ್ಕೆ ಕೆಳಗಿಟ್ಟೆ. ಎರಡನೇ ಸಲ ಹಿಡಿದದ್ದು ನಾಟಕ ನೋಡಿದ ಮೇಲೆ. ಸಿ. ಬಸವಲಿಂಗಯ್ಯ ನಿರ್ದೇಶನದಲ್ಲಿ 2010ರಲ್ಲಿ ಮೈಸೂರಿನ ರಂಗಾಯಣ ಶುರುಮಾಡಿದ ಆ ಒಂಬತ್ತು ಗಂಟೆಯ ನಾಟಕ ನಿಮಗೆ ಗೊತ್ತೇ ಇರುತ್ತೆ. ಆಮೇಲೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂತಲ್ಲ, ಅಲ್ಲಿ ನೋಡಿದ್ದು ನಾನು. ರಾತ್ರಿ ಊಟ ಮುಗಿಸಿ ಕೂತರೆ ಬೆಳಕು ಹರಿಯೋವರೆಗೂ ನಾಟಕ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಚಾಪೆ, ಹೊದಿಕೆ ಎತ್ತಿಕೊಂಡು ನಡೀಬೇಕು. ಕೆ. ವೈ. ನಾರಾಯಣಸ್ವಾಮಿಯವರ ರಂಗರೂಪ, ಹಂಸಲೇಖ ಸಂಗೀತ, ನಡುವೆ ಟೀ. ಬೆಳಿಗ್ಗೆ ಮನೆಗೆ ಬರುವಾಗ ತಲೆಯಲ್ಲಿ ಹಾಡು, ಮೈಯಲ್ಲಿ ಧೂಳು. ಅದೇ ವಾರ ಪುಸ್ತಕ ಕೊಂಡೆ. ನೂರೈವತ್ತು ಪುಟದವರೆಗೆ ಹೋದೆ. ಅಲ್ಲಿಂದಾಚೆ ನಾನು ‘ಅದ್ಭುತ’ ಅಂದದ್ದೆಲ್ಲ ನಾಟಕದ ಬಲದ ಮೇಲೆ.

ಮೂರನೇ ಸಲ ಓದಿದ್ದು ಈ ವರ್ಷ, ಅಪರಾಧಿ ಭಾವದಿಂದ. ಕೆಂಗೇರಿಯಿಂದ ಕಾಡುಗೋಡಿಯವರೆಗೆ ಮೆಟ್ರೋದಲ್ಲಿ ಹೋಗಿ ಬರುವ ನನಗೆ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಓದೋಕೆ ಸಿಗುತ್ತೆ. ಈ ಸಲ ಒಂದು ಉಪಾಯ ಮಾಡಿದೆ. ನಮ್ಮ ಕಸುಬಿನವರು ಯಾವ ಕಷ್ಟಕ್ಕೂ ಮಾಡೋ ಉಪಾಯವೇ: ಎಕ್ಸೆಲ್ ಶೀಟ್! ಹೆಸರು, ಮನೆ, ಜಾತಿ, ಯಾರ ಆಳು, ಯಾರನ್ನ ಮದುವೆಯಾಗಬೇಕು ಅಂತಿದ್ದಾರೆ, ಯಾರು ಅಡ್ಡ ಬರ್ತಿದ್ದಾರೆ. ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ ಅಂತ ಮನೆಗೊಂದು ಬಣ್ಣ. ಶೀಟು ಉದ್ದವಾಗ್ತಾ ಹೋದ ಹಾಗೆ ಕಾದಂಬರಿ ಸಲೀಸಾಯ್ತು. ಅಂದರೆ ಈ ಪುಸ್ತಕ ಕಷ್ಟ ಅನ್ನೋದಕ್ಕೆ ಮೊದಲ ಕಾರಣ ಬರೀ ಲೆಕ್ಕದ್ದು. ಜನ ಜಾಸ್ತಿ, ಊರು ಜಾಸ್ತಿ, ಯಾರೂ ಯಾರನ್ನೂ ಪರಿಚಯ ಮಾಡಿಸಲ್ಲ. ಅದು ನಿರಾಸೆಯ ಕಾರಣವಲ್ಲ.

ಭಾಷೆಯೂ ಕಾರಣವಲ್ಲ. ನಮ್ಮಜ್ಜಿ ಕೊಪ್ಪದ ಕಡೆಯವರು. ಉಣುಗೋಲು, ಗೊರಬು, ಕಂಬಳಿಕೊಪ್ಪೆ, ಹಂದಿಯೊಡ್ಡಿ – ಇಂಥ ಪದಗಳನ್ನ ನಾನು ಕೊನೇ ಸಲ ಕೇಳಿದ್ದು ಅವರ ಬಾಯಲ್ಲೇ. ಮೆಟ್ರೋದಲ್ಲಿ ನಿಂತು ಓದುವಾಗ ಎಷ್ಟೋ ಸಲ ಅಜ್ಜಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗಾಯ್ತು. ಈ ಜನರ ಬಾಯಿಗೆ ಅವರದೇ ಮಾತು ಕೊಟ್ಟಿದ್ದಾರಲ್ಲ ಕುವೆಂಪು, ಅದೊಂದಕ್ಕೇ ಈ ಪುಸ್ತಕ ಉಳಿಯಬೇಕು. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿ ಹಿಡಿದು ನಡೆಯುವ ಆರಂಭ, ಊರಿಗೆ ಮೊದಲ ಸೈಕಲ್ ಬಂದಾಗ ಜನ ಅದನ್ನ ‘ಬೀಸೆಕಲ್ಲು’ ಅಂತ ತಮ್ಮ ಬಾಯಿಗೆ ಒಗ್ಗಿಸಿಕೊಳ್ಳೋದು, ಹಳೆಮನೆ ಸುಬ್ಬಣ್ಣ ಹೆಗ್ಗಡೆಯ ಹಂದಿ ವ್ಯವಹಾರ, ಐತ ಪೀಂಚಲು ಎಂಬ ಗಂಡ ಹೆಂಡಿರ ಸರಸ. ಇಲ್ಲೆಲ್ಲ ನಾನು ಓದಿದ್ದೇ ಗೊತ್ತಾಗಲಿಲ್ಲ. ಒಂದೆರಡು ಸಲ ಇಳಿಯುವ ಸ್ಟೇಷನ್ ತಪ್ಪಿಸಿಕೊಂಡೆ.

ಹಾಗಾದ್ರೆ ನಿರಾಸೆ ಎಲ್ಲಿ?

ಪುಸ್ತಕದ ಶುರುವಿನಲ್ಲಿ ಕವಿ ಕೊಡುವ ಒಂದು ಮಾತಿದೆ. ಪುಸ್ತಕ ಓದದವರಿಗೂ ಅದು ಬಾಯಿಪಾಠ. ಪೋಸ್ಟರ್‌ಗಳಲ್ಲಿ, ವಾಟ್ಸಾಪ್ ಸ್ಟೇಟಸ್ಸುಗಳಲ್ಲಿ ಸಾವಿರ ಸಲ ನೋಡಿರ್ತೀರಿ. ಈ ಲೋಕದಲ್ಲಿ ದೊಡ್ಡದು ಸಣ್ಣದು ಅನ್ನೋ ಭೇದ ಇಲ್ಲ, ಯಾವುದೂ ವ್ಯರ್ಥವಲ್ಲ ಅನ್ನೋ ಅರ್ಥದ್ದು. ಕನ್ನಡದಲ್ಲಿ ಕಾದಂಬರಿಯೊಂದು ಕೊಟ್ಟ ಅತಿ ದೊಡ್ಡ ಮಾತು ಅದೇ ಇರಬೇಕು. ನಾನು ಆ ಮಾತನ್ನ ನಂಬಿ ಒಳಗೆ ಹೋದೆ. 700ಕ್ಕೂ ಹೆಚ್ಚು ಪುಟ ನಡೆದು ಹೊರಗೆ ಬಂದಾಗ, ಆ ಮಾತು ಕೆಲವರ ವಿಷಯದಲ್ಲಷ್ಟೇ ನಡೆದಿದೆ ಅನ್ನಿಸ್ತು.

ಮೊದಲು ನಿರೂಪಕನ ವಿಷಯ. ಈ ಪುಸ್ತಕದಲ್ಲಿ ಎರಡು ಕನ್ನಡ ಇದೆ. ಪಾತ್ರಗಳದ್ದು ಮಣ್ಣಿನ ಕನ್ನಡ. ನಿರೂಪಕನದ್ದು ಸಂಸ್ಕೃತ ಸಮಾಸಗಳ, ಮೇಲಿನಿಂದ ನೋಡುವ ಕನ್ನಡ. ಕಾಡಿನ ಮೇಲೆ ಬೆಳಕು ಬಿದ್ದರೆ, ಶಿಖರ ಕಂಡರೆ, ಪ್ರೇಮಿಗಳು ಹತ್ತಿರ ಬಂದರೆ ಆತ ಇಳಿದು ಬಂದು ಮಾತಾಡತೊಡಗುತ್ತಾನೆ. ನಾವು ನೋಡಿದ್ದು ಏನು, ಅದರ ಆಳದ ಅರ್ಥ ಏನು ಅಂತ ನಮಗೆ ತಿಳಿಸಿ ಹೇಳ್ತಾನೆ. ಗುತ್ತಿ ಒಂದು ಸಾಲಲ್ಲಿ ಹೇಳಿದ್ದನ್ನ ಈತ ಒಂದು ಪುಟದಲ್ಲಿ ಮೇಲಕ್ಕೆತ್ತುತ್ತಾನೆ. ಗುತ್ತಿಯ ಸಾಲೇ ಸಾಕಿತ್ತು.

ಇಲ್ಲಿ ‘ಕಾನೂರು ಹೆಗ್ಗಡಿತಿ’ ನೆನಪಾಗುತ್ತೆ. 1936ರ ಆ ಕಾದಂಬರಿಯಲ್ಲಿ ಹೂವಯ್ಯ ಇದ್ದ. ಮೈಸೂರಿನಲ್ಲಿ ಓದಿ ಬಂದವನು, ಆದರ್ಶವಾದಿ, ತನ್ನ ಸುತ್ತಲಿನ ಎಲ್ಲವನ್ನೂ ಒಂದು ಎತ್ತರದಿಂದ ಅರ್ಥ ಮಾಡಿಕೊಳ್ಳುವವನು. ಮೂವತ್ತೊಂದು ವರ್ಷ ಆದಮೇಲೆ, 1967ರಲ್ಲಿ, ಕುವೆಂಪು ಆ ನಾಯಕನನ್ನೇ ಕೈಬಿಟ್ಟರು. ಇಂಗ್ಲಿಷ್ ಓದಿದ ಕಣ್ಣುಗಳಿಲ್ಲ, ಊರನ್ನ ಉದ್ಧಾರ ಮಾಡುವವರಿಲ್ಲ. ಎಷ್ಟು ಧೈರ್ಯದ ಕೆಲಸ! ಅದೇ 1967ರ ಸಾಲಿನ ಜ್ಞಾನಪೀಠ ‘ಶ್ರೀ ರಾಮಾಯಣ ದರ್ಶನಂ’ಗೆ ಬಂತು. ಮಹಾಕಾವ್ಯ ಬರೆದ ಕೈ ಜೀತದಾಳಿನಿಂದ ಕಾದಂಬರಿ ಶುರುಮಾಡ್ತು. ಆದರೆ ಓದ್ತಾ ಓದ್ತಾ ನನಗೆ ಹೊಳೆದದ್ದು ಇಷ್ಟು: ಹೂವಯ್ಯ ಎಲ್ಲೂ ಹೋಗಿಲ್ಲ. ಪಾತ್ರಗಳ ಪಟ್ಟಿಯಿಂದ ಎದ್ದು ನಿರೂಪಕನ ಕುರ್ಚಿಯಲ್ಲಿ ಕೂತಿದ್ದಾನೆ.

ನಾಟಕ ನನಗೆ ಅಷ್ಟು ಹಿಡಿಸಿದ್ದು ಯಾಕೆ ಅಂತಲೂ ಆಗ ಗೊತ್ತಾಯ್ತು. ರಂಗದ ಮೇಲೆ ಹಾಡು ಇತ್ತು, ಜನರ ಮಾತು ಇತ್ತು, ಅವರ ಮೈ ಇತ್ತು. ಕುರ್ಚಿ ಇರಲಿಲ್ಲ.

ಈ ಎರಡು ಕನ್ನಡದ ಹಂಚಿಕೆಯನ್ನ ಒಂದು ಸಲ ಗಮನಿಸಿದರೆ ಮತ್ತೆ ಬಿಡೋಕಾಗಲ್ಲ. ಗುತ್ತಿ ತಿಮ್ಮಿಯನ್ನ ಹಾರಿಸಿಕೊಂಡು ಹೋಗೋದು, ಮುಕುಂದಯ್ಯ ಚಿನ್ನಮ್ಮರು ಹಿರಿಯರ ಇಷ್ಟ ಮೀರಿ ಒಂದಾಗೋದು, ಐತ ಪೀಂಚಲು ಬಿಡಾರದಲ್ಲಿ ಸಂಸಾರ ಮಾಡೋದು. ಮೂರೂ ಪ್ರೀತಿಯ ಕಥೆಗಳೇ, ಸಮನಾಗಿ ಹೆಣೆದುಕೊಂಡಿವೆ. ಆದರೆ ಗುತ್ತಿ ತಿಮ್ಮಿಯರ ಪ್ರೀತಿಗೆ ಸಿಗೋದು ಮಣ್ಣು, ನಗು, ಓಟ. ಐತ ಪೀಂಚಲುಗೆ ಸಿಗೋದು ಮೈ. ಗೌಡರ ಮನೆಯ ಮುಕುಂದಯ್ಯ ಚಿನ್ನಮ್ಮರ ಬಳಿಗೆ ಬಂದಾಗ ಮಾತ್ರ ಭಾಷೆ ಸ್ನಾನ ಮಾಡಿ ಮಡಿ ಉಟ್ಟು ನಿಲ್ಲುತ್ತೆ. ಅವರ ಪ್ರೀತಿಗೆ ಆತ್ಮ ಇದೆ, ಸಂಯಮ ಇದೆ, ದೈವದ ಸಾಕ್ಷಿ ಇದೆ. ಹಾಗಂತ ಕವಿ ಬೇಕಂತಲೇ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಜಾತಿಯ ಕ್ರೌರ್ಯವನ್ನ ಇಷ್ಟು ನಿಷ್ಠುರವಾಗಿ ತೋರಿಸಿದ ಪುಸ್ತಕವೂ ಇದೇ. ಅದೇ ನೋವಿನ ವಿಷಯ. ಕಣ್ಣಿಗೆ ಕಂಡಿದ್ದು ವಾಕ್ಯಕ್ಕೆ ಕಂಡಿಲ್ಲ.

ಇನ್ನೊಂದು, ಚೀಂಕ್ರ. ಘಟ್ಟದ ಕೆಳಗಿನ ಸೇರೆಗಾರ. ಅವನ ಹೆಂಡತಿ ದೇಯಿ ಪಡುವ ಪಾಡು ಓದಿದವರಿಗೆ ಅವನ ಮೇಲೆ ಕನಿಕರ ಹುಟ್ಟೋದು ಸಾಧ್ಯವಿಲ್ಲ, ಹುಟ್ಟಬೇಕಾಗಿಯೂ ಇಲ್ಲ. ಆದರೆ ನಾನು ಕೇಳಿದ್ದು ಕನಿಕರ ಅಲ್ಲ, ಒಳಗು. ನಾಯಿಗೂ ಒಳಗು ಕೊಡುವ ಲೇಖಕ ಚೀಂಕ್ರನಿಗೆ ಯಾಕೆ ಕೊಡಲಿಲ್ಲ? ಅವನು ಬಂದಾಗಲೆಲ್ಲ ಏನು ಮಾಡ್ತಾನೆ ಅಂತ ಮೊದಲೇ ಗೊತ್ತಾಗುತ್ತೆ. ಕಾದಂಬರಿಯ ಸಾಬರ ಕಥೆಯೂ ಅಷ್ಟೇ. ತೋಳ್ಬಲಕ್ಕೆ, ದಬ್ಬಾಳಿಕೆಗೆ ಬೇಕಾದಾಗ ಬರ್ತಾರೆ, ಕೆಲಸ ಮುಗಿದ ಮೇಲೆ ಹೋಗ್ತಾರೆ. ಅವರ ಮನೆ ಒಲೆ ಹೇಗಿತ್ತು, ಅವರ ಹೆಂಡತಿ ಮಕ್ಕಳು ಏನು ಮಾತಾಡ್ತಿದ್ರು ಅನ್ನೋದು ನನ್ನ ಶೀಟಿನಲ್ಲಿ ಖಾಲಿ ಉಳಿದ ಕಾಲಂ. ಗಂಡ ತಿರುಪತಿ ಯಾತ್ರೆಗೆ ಹೋಗಿ ತಿರುಗಿ ಬರದೆ ತಲೆ ಕೆಟ್ಟ ರಂಗಮ್ಮನದೂ ಹಾಗೇ. ಅವಳ ಕಾಯುವಿಕೆ ಬಂದಾಗ ಎದೆ ಹಿಂಡುತ್ತೆ. ಆದರೆ ನಾವು ಅವಳನ್ನ ನೋಡುವುದು ಹೆಚ್ಚಾಗಿ ಹೊರಗಿನಿಂದ, ಉಳಿದ ಮನೆಯವರು ನೋಡುವ ಹಾಗೆ.

ಸಾಹಿತ್ಯ ಪಾಠ ಮಾಡುವ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ಅವನು ಚೆನ್ನಾಗಿ ಬೈದ. ‘ನೀನು ಎಚ್.ಆರ್. ಚೆಕ್‌ಲಿಸ್ಟ್ ಹಿಡ್ಕೊಂಡು ಕಾಡಿಗೆ ಹೋಗಿದೀಯ. ಎಲ್ಲ ಮರಾನೂ ಒಂದೇ ಎತ್ತರ ಬೆಳೆದಿದೆಯಾ ಅಂತ ಟೇಪ್ ಹಿಡಿದು ನೋಡಿದೀಯ. 1904ರಲ್ಲಿ ಹುಟ್ಟಿ, ಕುಪ್ಪಳಿಯಲ್ಲಿ ಜಮೀನುದಾರರ ಮನೇಲಿ ಬೆಳೆದವರು ತಮ್ಮವರ ಬಗ್ಗೇನೇ ಹೀಗೆ ಬರೆದ್ರಲ್ಲ, ಅದು ಕಾಣ್ಲಿಲ್ವಾ?’ ಅಂದ.

ಕಂಡಿತು. ಅದಕ್ಕೇ ಉತ್ತರ ಯೋಚನೆ ಮಾಡೋಕೆ ಒಂದು ವಾರ ತಗೊಂಡೆ. ನನ್ನ ಉತ್ತರ ಇಷ್ಟೇ: ಅಳತೆಗೋಲು ನಂದಲ್ಲ, ಪುಸ್ತಕದ್ದೇ. ಬೇರೆ ಯಾವ ಕಾದಂಬರಿಗೂ ನಾನು ಹೋಗಿ ‘ನಿನ್ನ ಖಳನಿಗೆ ಒಳಗು ಎಲ್ಲಿ’ ಅಂತ ಕೇಳಲ್ಲ. ಪತ್ತೇದಾರಿ ಕಾದಂಬರಿಗೆ ಕೇಳಲ್ಲ, ‘ಕಾನೂರು ಹೆಗ್ಗಡಿತಿ’ಗೂ ಕೇಳಲ್ಲ. ಇದಕ್ಕೆ ಕೇಳ್ತೀನಿ, ಯಾಕಂದ್ರೆ ಇದು ಬಾಗಿಲಲ್ಲೇ ನಿಂತು ಮಾತು ಕೊಟ್ಟಿದೆ. ದೊಡ್ಡ ಮಾತು ಕೊಟ್ಟವರ ಹತ್ತಿರ ಮಾತ್ರ ದೊಡ್ಡ ನಿರಾಸೆ ಸಾಧ್ಯ.

ಆ ಮಾತು ನಡೆಸೋದು ಅಸಾಧ್ಯವೇನೂ ಅಲ್ಲ. ಅದಕ್ಕೆ ಸಾಕ್ಷಿಯೂ ಈ ಪುಸ್ತಕದಲ್ಲೇ ಇದೆ. ಕೊನೆಯಲ್ಲಿ, ತೀರ್ಥಹಳ್ಳಿಯ ಹತ್ತಿರ, ತುಂಗೆ ಉಕ್ಕಿ ಹರಿಯುತ್ತಿರುವಾಗ, ದೋಣಿಯ ಹಿಂದೆ ಹೊಳೆಗೆ ಬಿದ್ದ ಹುಲಿಯ. ಇನ್ನು ಓದದೇ ಇರುವವರಿಗಾಗಿ ಜಾಸ್ತಿ ಹೇಳಲ್ಲ. ಆ ಪುಟಗಳಲ್ಲಿ ನಿರೂಪಕ ಕುರ್ಚಿಯಿಂದ ಎದ್ದು ಬಿಟ್ಟಿದ್ದಾನೆ. ಅರ್ಥ ಹೇಳೋರು ಯಾರೂ ಇಲ್ಲ. ಒಂದು ನಾಯಿ, ಒಂದು ಹೊಳೆ, ದೋಣಿಯಲ್ಲಿ ಏನೂ ಮಾಡಲಾಗದ ಒಬ್ಬ ಮನುಷ್ಯ. ಹಲಸೂರು ಇಂದಿರಾನಗರ ಸ್ಟೇಷನ್ನುಗಳ ನಡುವೆ ನಾನು ಅತ್ತೆ. ಎದುರಿಗೆ ಲ್ಯಾಪ್‌ಟಾಪ್ ಬ್ಯಾಗ್ ತಬ್ಬಿಕೊಂಡು ಕೂತಿದ್ದವರು ನನ್ನನ್ನ ನೋಡಿ ಬೇರೆ ಕಡೆ ತಿರುಗಿಕೊಂಡರು. ಕೆಲಸ ಹೋಯ್ತು ಅಂದುಕೊಂಡಿರಬೇಕು, ಪಾಪ.

ಒಂದು ನಾಯಿಯ ಸಾವು ಮನುಷ್ಯರ ಸಾವಿಗಿಂತ ಒಂದು ಗುಲಗಂಜಿಯೂ ಕಡಿಮೆ ಅಲ್ಲ ಅನ್ನಿಸುವ ಹಾಗೆ ಬರೆಯೋದು ಅಂದರೆ ಆ ಮೊದಲ ಪುಟದ ಮಾತನ್ನ ಪೂರ್ತಿ ನಡೆಸಿದ ಹಾಗೆ. ಹುಲಿಯನಿಗೆ ಕೊಟ್ಟಿದ್ದನ್ನ ರಂಗಮ್ಮನಿಗೆ ಕೊಟ್ಟಿದ್ದರೆ? ದೇಯಿಗೆ? ನದಿ ದಾಟಿದ ಮೇಲಿನ ಗುತ್ತಿಗೆ? ಕೊಡಬಲ್ಲ ಕೈ ಅದು ಅಂತ ಗೊತ್ತಾದ ಮೇಲೆ ಉಳಿದ ಪುಟಗಳ ಮೇಲೆ ಸಿಟ್ಟು ಬಂತು. ನನ್ನ ನಿರಾಸೆಯ ತಿರುಳು ಇಷ್ಟೇ. ಕೆಟ್ಟ ಪುಸ್ತಕ ಯಾರನ್ನೂ ಹೀಗೆ ನಿರಾಸೆಗೊಳಿಸಲ್ಲ, ಬರೀ ಬೋರ್ ಹೊಡೆಸುತ್ತೆ.

ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಳ್ತೀನಿ. ನಿಧಾನವೇ ಧರ್ಮವಾದ ಪುಸ್ತಕವನ್ನ ನಾನು ಓದಿದ್ದು ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ರೈಲಿನಲ್ಲಿ, ಜೇಬಿನಲ್ಲಿ ಫೋನ್ ಗುರ್‍ ಅನ್ನುತ್ತಿರುವಾಗ. ನಿರೂಪಕನ ಮಾತು ಉದ್ದವಾಯ್ತು ಅಂತ ನಾನು ದೂರುವಾಗ ಅದರಲ್ಲಿ ಅರ್ಧ ನನ್ನ ಗಮನದ ದೋಷವೂ ಇರಬಹುದು. ಅರ್ಧ ಮಾತ್ರ.

ಇದನ್ನೆಲ್ಲ ಬರೆಯೋಕೆ ಮುಂಚೆ ಆ ಹುಡುಗಿಯ ಹತ್ತಿರ ಹೋದೆ. ಅವತ್ತು ನಾನು ಪುಸ್ತಕ ಪೂರ್ತಿ ಓದಿರಲಿಲ್ಲ, ಓದದೇ ಅದ್ಭುತ ಅಂದೆ ಅಂತ ಹೇಳಿದೆ. ‘ಅಂದ್ರೆ ನಿಮಗೂ ಕಷ್ಟ ಆಗಿತ್ತಾ?’ ಅಂದಳು. ‘ಎರಡು ಸಲ ಬಿಟ್ಟಿದ್ದೆ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಒಂದು ವರ್ಷ ನನ್ನ ಕನ್ನಡಾನೇ ಸರಿಯಿಲ್ಲ ಅಂದ್ಕೊಂಡಿದ್ದೆ’ ಅಂದಳು. ನಗುತ್ತಲೇ ಅಂದದ್ದು, ಆದರೆ ನನಗೆ ನಗು ಬರಲಿಲ್ಲ.

ದೊಡ್ಡ ಪುಸ್ತಕಗಳ ಸುತ್ತ ನಾವು ಕಟ್ಟಿರುವ ಗುಡಿಯ ಬೆಲೆ ಇದು. ಒಳಗೆ ಹೋಗಿ ಬಂದವರು ಕಷ್ಟ ಆಯ್ತು, ಇಲ್ಲಿ ಬೇಜಾರಾಯ್ತು, ಇಲ್ಲಿ ಸಿಟ್ಟು ಬಂತು ಅಂತ ಹೇಳಲ್ಲ. ಹೋಗದೇ ಇದ್ದವರೂ ಹೊರಗಿನಿಂದಲೇ ಕೈಮುಗೀತಾರೆ. ಹೊಸದಾಗಿ ಬಂದವರು ಮೆಟ್ಟಿಲಲ್ಲೇ ಎಡವಿ, ತಪ್ಪು ನಮ್ಮ ಕಾಲಿನದು ಅಂದ್ಕೊಂಡು ವಾಪಸ್ ಹೋಗ್ತಾರೆ. ಕುವೆಂಪು ಅವರಿಗೆ ನನ್ನ ‘ಅದ್ಭುತ’ದಿಂದ ಏನೂ ಲಾಭ ಆಗಲಿಲ್ಲ. ಒಬ್ಬ ಓದುಗಳು ನಷ್ಟವಾದಳು.

ಅವಳಿಗೆ ನನ್ನ ಎಕ್ಸೆಲ್ ಶೀಟ್ ಕಳಿಸಿದೆ. ಜೊತೆಗೆ ಒಂದು ಟಿಪ್ಪಣಿ: ಜನರ ಮಾತು ಬಂದಾಗ ಜೋರಾಗಿ ಓದಿಕೋ, ಅರ್ಥ ಆಗುತ್ತೆ, ನಿರೂಪಕ ಕಾಡಿನ ಬಗ್ಗೆ ಶುರುಮಾಡಿದರೆ ಹಾರಿಸು, ಪಾಪ ಬರಲ್ಲ.

ಮೊನ್ನೆ ರಾತ್ರಿ ಅವಳ ಮೆಸೇಜ್ ಬಂತು. ನೂರ ಎಂಬತ್ತನೇ ಪುಟದಲ್ಲಿದ್ದಾಳಂತೆ, ನನ್ನ ಹಳೇ ದಾಖಲೆ ಮುರಿದಾಯ್ತು. ಶೀಟಿನಲ್ಲಿ ಎರಡು ತಪ್ಪು ಹುಡುಕಿದ್ದಾಳೆ. ಕೊನೆಗೊಂದು ಸಾಲು: ‘ಜನರ ಮಾತೇ ನಂಗೆ ಕಷ್ಟ. ಕಾಡಿನ ವರ್ಣನೆ ಬಂದ್ರೆ ಆರಾಮ್, ಎಲ್ಲ ಸಂಸ್ಕೃತ ಪದಗಳೇ! ತುಂಬಾ ಚೆನ್ನಾಗಿದೆ ಅದು. ಯಾಕೆ ಹಾರಿಸು ಅಂದ್ರಿ?’

ಉತ್ತರ ಇನ್ನೂ ಬರೆದಿಲ್ಲ. ಆ ಪುಟಗಳನ್ನ ಇನ್ನೊಂದು ಸಲ ಓದಿ ನೋಡಬೇಕು.